ಮನೆ ಮಾಲೀಕರಿಗೆ ಜೈಲಿನ ವಿಷಯ ಹೇಳಬೇಕೆ?

ಜೈಲಿನಿಂದ ಬಿಡುಗಡೆಯಾಗಿ ನನ್ನ ಬಳಿ ಸಲಹೆ ಕೇಳಲು ಬಂದ ಒಬ್ಬರನ್ನು ನಾನು ‘ಅಣ್ಣ’ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಐವತ್ತರ ಹತ್ತಿರದ ವಯಸ್ಸು. ಸಿರುಗುಪ್ಪ ಕಡೆಯ ನೀರಾವರಿ ಹಳ್ಳಿಯವರು. ಕಾಲುವೆ ನೀರಿನ ಪಾಳಿಗಾಗಿ ಎದ್ದ ಜಗಳದಲ್ಲಿ ಒಂದು ಜೀವ ಹೋಯಿತು, ಇವರಿಗೆ ಜೀವಾವಧಿ ಶಿಕ್ಷೆಯಾಯಿತು. ಬಳ್ಳಾರಿಯ ಕೇಂದ್ರ ಕಾರಾಗೃಹದಲ್ಲಿ 14 ವರ್ಷಕ್ಕೂ ಹೆಚ್ಚು ಕಾಲ ಇದ್ದು, ಸನ್ನಡತೆಯ ಮೇಲೆ ಹೊರಗೆ ಬಂದರು.

ನನ್ನ ಹತ್ತಿರ ಬರುವ ಹೊತ್ತಿಗೆ ಅವರಿಗೆ ಬಾಡಿಗೆ ಮನೆ ಎರಡು ಸಲ ಕೈತಪ್ಪಿತ್ತು. ಕೌಲ್ ಬಜಾರ್ ಕಡೆ ನೋಡಿದ ಮೊದಲ ಮನೆಯಲ್ಲಿ ಅಡ್ವಾನ್ಸ್ ಮಾತಾಡುವಾಗಲೇ ಇದ್ದದ್ದೆಲ್ಲ ಹೇಳಿಬಿಟ್ಟರು. ಮರುದಿನ ಮಾಲೀಕರು “ನಮ್ಮ ಸಂಬಂಧಿಕರೇ ಬರಾಕತ್ತಾರ” ಎಂದು ಬಾಗಿಲು ಹಾಕಿಕೊಂಡರು. ಎರಡನೆಯ ಕಡೆ ‘ಇಷ್ಟು ವರ್ಷ ಗೋವಾದಾಗ ದುಡೀತಿದ್ದೆ’ ಎಂದು ಹೇಳಿ ಸೇರಿಕೊಂಡರು. ಠಾಣೆಯಿಂದ ವಿಚಾರಿಸಲು ಬಂದ ದಿನ ಓಣಿಗೆಲ್ಲ ಗೊತ್ತಾಯಿತು. ಸಂಜೆಯೊಳಗೆ ಸಾಮಾನು ಹೊರಗಿತ್ತು.

“ಮೇಡಂ, ಖರೇ ಹೇಳಿದ್ರ ಮನಿ ಸಿಗಂಗಿಲ್ಲ, ಸುಳ್ಳು ಹೇಳಿದ್ರ ಮನಿ ಉಳಿಯಂಗಿಲ್ಲ. ನಾ ಏನ್ ಮಾಡ್ಲಿ ಹೇಳ್ರಿ?”

ಶಿಕ್ಷೆ ಅನುಭವಿಸಿ ಬಂದವರಿಗೆ ಮನೆ ಕೊಡಲೇಬೇಕು ಎಂದು ಮಾಲೀಕರನ್ನು ಕಟ್ಟಿಹಾಕುವ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ನಂಬಿಕೆಯ ಮೇಲೇ ಮನೆ ಸಿಗಬೇಕು. ನಾನು ಕೊಟ್ಟ ಸಲಹೆ ಇದು: ನಿಜವನ್ನೇ ಹೇಳಿ, ಆದರೆ ಒಬ್ಬರೇ ಹೋಗಿ ಹೇಳಬೇಡಿ. ನಮ್ಮ ಊರುಗಳಲ್ಲಿ ಬಾಡಿಗೆ ಎಷ್ಟು ಎಂಬ ಮಾತಿಗಿಂತ ಮೊದಲು ಬರುವ ಪ್ರಶ್ನೆ ‘ನೀವು ಯಾರ ಕಡೇರು?’ ಅಣ್ಣನ ಹತ್ತಿರ ಅದಕ್ಕೆ ಉತ್ತರವೇ ಇರಲಿಲ್ಲ. ಮನೆ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ, ‘ಇವರು ನಮ್ಮ ಕಡೆಯವರು’ ಎನ್ನಬಲ್ಲ ಮನುಷ್ಯರನ್ನು ಹುಡುಕೋಣ ಎಂದೆ.

ಅವರು ಜೈಲಿನಲ್ಲಿ ಹೊಲಿಗೆ ಕಲಿತಿದ್ದರು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಗೆ ಬರವಿಲ್ಲ. ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರೊಬ್ಬರು ಒಂದು ಸಣ್ಣ ಘಟಕದ ಮಾಲೀಕರಿಗೆ ಎಲ್ಲವನ್ನೂ ಮೊದಲೇ ಹೇಳಿ ಪರಿಚಯ ಮಾಡಿಸಿದರು. ಪೀಸ್ ಲೆಕ್ಕದ ಕೆಲಸ. ಮನೆ ಸಿಗುವವರೆಗೆ ರಾತ್ರಿ ಮಲಗಲು ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರ. ಅಲ್ಲಿಗೆ ಹೋಗಲು ಅಣ್ಣನಿಗೆ ಬಹಳ ಸಂಕೋಚವಿತ್ತು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಇಂಥ ಕೇಂದ್ರ ಇರಬೇಕೆಂಬುದು ನಿಯಮ, ಅದು ಯಾರ ದಾನವೂ ಅಲ್ಲ ಎಂದು ಬಿಡಿಸಿ ಹೇಳಬೇಕಾಯಿತು.

ಕೆಲವು ತಿಂಗಳ ದುಡಿಮೆಯ ನಂತರ ಆ ಘಟಕದ ಮಾಲೀಕರೇ ಮನೆ ನೋಡಲು ಜೊತೆಗೆ ಬಂದರು. ಹೋಗುವ ಮೊದಲು ಅಣ್ಣನಿಂದ ಮಾತನ್ನು ಮತ್ತೆ ಮತ್ತೆ ಹೇಳಿಸಿದೆ. ಪ್ರತಿ ಸಲ ಅವರು ಜಗಳ ಯಾರು ತೆಗೆದರು, ತಪ್ಪು ಯಾರದು ಎಂಬಲ್ಲಿಗೇ ಹೋಗುತ್ತಿದ್ದರು. ಅಲ್ಲಿ ತಡೆದೆ. ಕೇಳುವವರು ನ್ಯಾಯಾಧೀಶರಲ್ಲ, ವಾದ ಶುರುವಾದ ಕೂಡಲೇ ಅವರಿಗೆ ಹೆದರಿಕೆ ಶುರುವಾಗುತ್ತದೆ. ಕೊನೆಗೆ ಉಳಿದದ್ದು ಇಷ್ಟು: “ಜಗಳದಾಗ ನನ್ನ ಕೈಯಿಂದ ಒಬ್ಬರ ಜೀವ ಹೋತು, ಅದಕ್ಕ ಶಿಕ್ಷೆ ಆತು. ಸರ್ಕಾರ ಬಿಡುಗಡೆ ಮಾಡೇತಿ, ಆದೇಶ ಇಲ್ಲೈತಿ ನೋಡ್ರಿ. ಈಗ ಇವರ ಹತ್ರ ಹೊಲಿಗಿ ಮಾಡ್ತೀನಿ. ಪೊಲೀಸ್ರು ಯಾವಾಗರ ವಿಚಾರಸಾಕ ಬರಬಹುದು, ಗಾಬರಿ ಆಗಬ್ಯಾಡ್ರಿ.”

ಆ ಕೊನೆಯ ಮಾತನ್ನು ನಾನೇ ಸೇರಿಸಿದ್ದು. ಜೀವಾವಧಿ ಎಂದರೆ 14 ವರ್ಷ ಎಂದು ಜನ ತಿಳಿದಿದ್ದಾರೆ. ಕಾನೂನಿನಲ್ಲಿ ಅದು ಬದುಕಿರುವವರೆಗಿನ ಶಿಕ್ಷೆ. ಕೊಲೆಯಂಥ ಪ್ರಕರಣದಲ್ಲಿ ಕನಿಷ್ಠ 14 ವರ್ಷ ಕಳೆದ ಮೇಲೆ ಸರ್ಕಾರ ಬಿಡಬಹುದು, ಷರತ್ತು ಹಾಕಬಹುದು. ಹಾಗಾಗಿ ಪೊಲೀಸರು ವಿಚಾರಿಸಲು ಬರುವುದುಂಟು. ಆದೇಶದ ಷರತ್ತುಗಳನ್ನು ಅಣ್ಣ ಪೂರ್ತಿ ಓದಿರಲಿಲ್ಲ. ಕೂತು ಓದಿದೆವು. ಮನೆ ಬದಲಿಸಿದಾಗ ಯಾರೋ ಹುಡುಕಿಕೊಂಡು ಬರುವ ಮೊದಲು ತಾವೇ ಠಾಣೆಗೆ ಹೋಗಿ ಹೊಸ ವಿಳಾಸ ಕೊಡಲು ಹೇಳಿದೆ.

ಮನೆ ಸಿಕ್ಕಿತು. ಒಂದು ಕೋಣೆ, ಹೊರಗೆ ಬಚ್ಚಲು, ಹನ್ನೊಂದು ತಿಂಗಳ ಕರಾರು. ಓಣಿಯವರಿಗೂ ಹೇಳಬೇಕೇನು ಎಂದು ಕೇಳಿದರು. ಬೇಡ. ಮಾಲೀಕರಿಗೆ ಗೊತ್ತಿದೆ, ಠಾಣೆಗೆ ಗೊತ್ತಿದೆ, ಅಷ್ಟು ಸಾಕು. ನೇರವಾಗಿ ಕೇಳಿದವರಿಗೆ ಸುಳ್ಳು ಹೇಳದಿದ್ದರಾಯಿತು.

ಮನೆ ಸಿಕ್ಕ ಮೇಲಿನ ತೊಂದರೆಯನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಸಂಜೆ ಎಣಿಕೆ ಮುಗಿಸಿ ಬ್ಯಾರಕ್ಕಿಗೆ ಬೀಗ ಬೀಳುವ ಬದುಕು ಅಷ್ಟು ವರ್ಷ ಮೈಗೆ ಹತ್ತಿದೆ. ಆರು ಗಂಟೆಯಾದರೆ ಅಣ್ಣನಿಗೆ ಕೋಣೆ ಸೇರುವ ಆತುರ. ಕತ್ತಲಲ್ಲಿ ನಿದ್ದೆ ಹತ್ತದು. ಬಾಗಿಲ ಮುಂದೆ ನಿಂತು ಯಾರಾದರೂ ಹೋಗು ಎನ್ನಲಿ ಎಂದು ಕಾಯುತ್ತಿದ್ದರಂತೆ, ಅದನ್ನು ಹೇಳುವಾಗ ಅತ್ತರು. ಇದು ಹುಚ್ಚಲ್ಲ, ಇಷ್ಟು ದಿನ ಬದುಕಿದ ರೀತಿ, ನಿಧಾನಕ್ಕೆ ಬಿಡುತ್ತದೆ ಎಂದೆ. ಝೀರೋ ಬಲ್ಬು ಹಚ್ಚಿಕೊಂಡೇ ಮಲಗಿ, ಊಟವಾದ ಮೇಲೆ ದಿನಾ ಚಹಾದಂಗಡಿಯವರೆಗೆ ಹೋಗಿ ಬನ್ನಿ, ಬೀಗ ಹಾಕುವುದು ತೆಗೆಯುವುದು ನಿಮ್ಮ ಕೈಯಲ್ಲೇ ಇರಲಿ. ನಿದ್ದೆ ಪೂರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ ಎಂದು ನಂಬರನ್ನೂ ಬರೆದುಕೊಟ್ಟೆ.

ಅವರ ಮನಸ್ಸೆಲ್ಲ ಊರಿನಲ್ಲಿತ್ತು. ಸತ್ತವರ ಹೆಂಡತಿ ಮಕ್ಕಳೂ ಅದೇ ಊರಿನಲ್ಲಿದ್ದಾರೆ. ಅವರ ಕಾಲಿಗೆ ಬಿದ್ದು ತಪ್ಪಾಯ್ತು ಎನ್ನಬೇಕು ಎಂದರು. ನಾನು ಒಪ್ಪಲಿಲ್ಲ. ಕ್ಷಮೆ ಕೇಳಿದರೆ ನಿಮ್ಮ ಎದೆ ಹಗುರಾಗಬಹುದು. ಅವರು ಕರೆಯದೆ ಅವರ ಬಾಗಿಲಿಗೆ ಹೋದರೆ ಆ ಹೆಣ್ಣುಮಗಳ ಪಾಲಿಗೆ ಆ ದಿನವೇ ಮತ್ತೆ ಬಂದಂತೆ. ಅವರಾಗಿ ಹಿರಿಯರ ಮೂಲಕ ಹೇಳಿಕಳಿಸಿದರೆ ಹೋಗಿ, ಇಲ್ಲವಾದರೆ ಆ ಓಣಿಯಿಂದ ದೂರವಿರಿ. ಅವ್ವನನ್ನು ಬಳ್ಳಾರಿಗೇ ಕರೆಸಿಕೊಳ್ಳಿ ಎಂದೆ. ಅವ್ವ ಬಂದು ವಾರ ಇದ್ದು ಹೋದರು.

ಹೊಲವನ್ನು ತಮ್ಮ ಉಳುತ್ತಿದ್ದಾನೆ, ನಿನಗೆ ಪಾಲಿಲ್ಲ ಎನ್ನುತ್ತಾನೆ. ಜೈಲಿಗೆ ಹೋದ ಮಾತ್ರಕ್ಕೆ ಪಿತ್ರಾರ್ಜಿತದ ಹಕ್ಕು ಹೋಗುವುದಿಲ್ಲ. ಆದರೂ ಮೊದಲ ವರ್ಷ ಆ ಮಾತು ಎತ್ತಬೇಡಿ, ಪಹಣಿ ತೆಗೆಸಿಟ್ಟುಕೊಳ್ಳಿ, ಮುಂದೆ ಪ್ರಾಧಿಕಾರದ ವಕೀಲರ ಮೂಲಕ ಕೇಳೋಣ ಎಂದೆ. ತನಗಿನ್ನು ಓಟೇ ಇಲ್ಲ ಎಂದೂ ಅಣ್ಣ ತಿಳಿದಿದ್ದರು. 1951ರ ಪ್ರಜಾಪ್ರತಿನಿಧಿ ಕಾಯ್ದೆ ಮತ ಹಾಕುವುದನ್ನು ತಡೆಯುವುದು ಸೆರೆಯಲ್ಲಿರುವವರೆಗೆ ಮಾತ್ರ. ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಹೊಸ ವಿಳಾಸದಲ್ಲಿ ಹೆಸರು ಸೇರಿಸುವ ಅರ್ಜಿ, ನಮೂನೆ 6 ತುಂಬಿದೆವು.

ನಿಮ್ಮ ಮನೆಯವರು ಯಾರಾದರೂ ಬಿಡುಗಡೆಯ ಹಾದಿಯಲ್ಲಿದ್ದರೆ ಆ ದಿನದವರೆಗೆ ಕಾಯಬೇಡಿ. ಪೆರೋಲ್ ಮೇಲೆ ಬಂದಾಗಲೇ ಕೆಲಸ ಕೊಡಬಲ್ಲವರೊಬ್ಬರಿಗೆ ಮುಖ ತೋರಿಸಿ. ಆಧಾರ್, ಜೈಲಿನಲ್ಲಿ ಕಲಿತ ಕೆಲಸದ ಪ್ರಮಾಣಪತ್ರ, ಬಿಡುಗಡೆ ಆದೇಶದ ನಕಲು ಒಂದೇ ಚೀಲದಲ್ಲಿರಲಿ. ದಾರಿ ಗೊತ್ತಾಗದಿದ್ದರೆ ಕಾನೂನು ಸೇವೆಯ 15100ಕ್ಕೆ ಕರೆ ಮಾಡಿ. ಮನೆಗೆ ಸೇರಿಸಿಕೊಳ್ಳಲು ನಿಮಗೆ ಆಗದಿದ್ದರೆ ಅದನ್ನೂ ಅವರಿಗೆ ಒಳಗಿರುವಾಗಲೇ ಹೇಳಿಬಿಡಿ. ಅಣ್ಣನಿಗೆ ಅದು ತಿಳಿದದ್ದು ತಮ್ಮನ ಬಾಗಿಲಲ್ಲಿ, ಕೈಯಲ್ಲಿ ಚೀಲ ಹಿಡಿದು ನಿಂತಾಗ.