ಓದುಗರ ಪ್ರಶ್ನೆ: ಒಣಗುವ ದ್ರಾಕ್ಷಿಯ ಲೆಕ್ಕ

ಪ್ರಶ್ನೆ: ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಹಸಿ ಹಣ್ಣಿನಲ್ಲಿ ಶೇ. 80 ನೀರು ಅಂತಾರೆ. 100 ಕಿಲೊ ಹಣ್ಣು ಒಣಗುತ್ತ ನೀರು ಶೇ. 60ಕ್ಕೆ ಇಳಿದರೆ ತೂಕ 80 ಕಿಲೊ ಆಗಬೇಕಲ್ರಿ? ಒಂಬತ್ತನೇ ಇಯತ್ತೆ ಓದುವ ಮಗಳು 50 ಅಂತಾಳೆ. ಯಾರದು ಸರಿ?
— ರೈತರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಮಗಳದೇ ಸರಿ. ನೀವು ನೀರಿನ ಬೆನ್ನು ಹತ್ತಿದಿರಿ, ಆಕೆ ನೀರಲ್ಲದ್ದನ್ನು ಹಿಡಿದಳು. 100 ಕಿಲೊ ಹಣ್ಣಿನಲ್ಲಿ ಸಕ್ಕರೆ, ಸಿಪ್ಪೆ, ಹುಳಿ ಎಲ್ಲ ಕೂಡಿ 20 ಕಿಲೊ. ಶೆಡ್ಡಿನ ಗಾಳಿಗೆ ಹಾರಿಹೋಗುವುದು ನೀರು. ಈ 20 ಕಿಲೊ ಎಲ್ಲೂ ಹೋಗುವುದಿಲ್ಲ. ಮೊದಲ ದಿನ ಅದು ಒಟ್ಟು ತೂಕದ ಐದರಲ್ಲಿ ಒಂದು ಪಾಲು. ನೀರು ಶೇ. 60 ಆದ ದಿನ ಅದೇ 20 ಕಿಲೊ ಶೇ. 40 ಆಗಿರುತ್ತದೆ. ಹಾಗಿರಬೇಕಾದರೆ ಒಟ್ಟು ತೂಕ 50 ಕಿಲೊ. ಆ 60 ಅನ್ನುವುದು ಹಳೆಯ 100 ಕಿಲೊದ ಮೇಲಿನ ಲೆಕ್ಕವಲ್ಲ, ಈಗ ತಕ್ಕಡಿಯಲ್ಲಿ ಇರುವುದರ ಮೇಲಿನದು.

ಇದೇ ರೀತಿ ಮುಂದೆ ಹೋಗಿ. ನೀರು ಶೇ. 40 ಆದಾಗ 20 ಭಾಗಿಸು 0.60, ಅಂದರೆ 33.3 ಕಿಲೊ. ಶೇ. 15ಕ್ಕೆ ಬಂದಾಗ 20 ಭಾಗಿಸು 0.85, ಅಂದರೆ 23.5 ಕಿಲೊ. ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ (ಒಣದ್ರಾಕ್ಷಿ) ಅನ್ನುವ ಮಾತಿನ ಬೇರು ಇಲ್ಲಿದೆ. 80ರಿಂದ 60ಕ್ಕೆ ಇಳಿಯಲು 50 ಕಿಲೊ ನೀರು ಹೋಗಬೇಕಾಯಿತು. 60ರಿಂದ 40ಕ್ಕೆ ಸುಮಾರು 17 ಕಿಲೊ ಸಾಕಾಯಿತು.

ಮನೆಯಲ್ಲೇ ನೋಡಬಹುದು. 100 ಗ್ರಾಂ ಹಣ್ಣನ್ನು ತಟ್ಟೆಯಲ್ಲಿ ಹರವಿ ದಿನಾ ಸಂಜೆ ತೂಗಿ. ಘನಾಂಶ, ಅಂದರೆ ನೀರಲ್ಲದ್ದು, 20 ಗ್ರಾಂ ಇದ್ದರೆ, ಮುಳ್ಳು 50ಕ್ಕೆ ಬಂದ ಸಂಜೆ ನೀರು ಶೇ. 60.

ಹಣ್ಣು ಅವಸರದಲ್ಲಿ ಕೊಯ್ಯಬೇಡಿ ಎಂದು ನಾವು ಒತ್ತಿ ಹೇಳುವುದೂ ಈ ಲೆಕ್ಕದಿಂದಲೇ. ಹಣ್ಣು ಮಾಗಿದಷ್ಟೂ ಘನಾಂಶ ಹೆಚ್ಚು. 100 ಕಿಲೊದಲ್ಲಿ ಘನಾಂಶ 18 ಕಿಲೊ ಇದ್ದರೆ ಸಿಗುವ ಶೇ. 15 ನೀರಿನ ಒಣದ್ರಾಕ್ಷಿ 21.2 ಕಿಲೊ, 23 ಇದ್ದರೆ 27 ಕಿಲೊ. ಕೊಯ್ಲು, ಅದ್ದುವುದು, ರ್ಯಾಕಿಗೆ ಹರವುವುದು, ಆಳಿನ ಕೂಲಿ ಎರಡಕ್ಕೂ ಒಂದೇ.

ಪ್ರಶ್ನೆ: ಹಣ್ಣು ಅದ್ದುವ ದ್ರಾವಣ ಕಡಿಮೆಯಾದಾಗ ಬರೀ ನೀರು ಸೇರಿಸಿದರೆ ನಡೆಯುತ್ತದೆಯೇ?
— ಅಥಣಿಯಿಂದ

ಉತ್ತರ: ನಡೆಯುವುದಿಲ್ಲ. 100 ಲೀಟರ್ ನೀರಿಗೆ ಎರಡೂವರೆ ಕಿಲೊ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಹಾಕಿದ್ದೀರಿ ಎನ್ನಿ. 30 ಲೀಟರ್ ಖರ್ಚಾಗಿ, ಅಷ್ಟೇ ನೀರು ಸುರಿದರೆ ಕಸುವು ಹತ್ತರಲ್ಲಿ ಏಳು ಪಾಲಿಗೆ ಬಂತು. ಮತ್ತೊಮ್ಮೆ ಹಾಗೇ ಮಾಡಿದರೆ ಹತ್ತರಲ್ಲಿ ನಾಲ್ಕು ಅಂದುಕೊಳ್ಳುವವರು ಬಹಳ. ಆದರೆ ಎರಡನೇ ಸಲ ಹೋಗುವುದು ಆಗಲೇ ತೆಳುವಾದ ದ್ರಾವಣ. ಆದ್ದರಿಂದ 7/10ರ 7/10, ಅಂದರೆ 49/100. ಕಸುವು ಅರ್ಧಕ್ಕಿಂತ ಕೆಳಗೆ! ಸಿಪ್ಪೆಯ ಮೇಲಿನ ಮೇಣ ಸರಿಯಾಗಿ ಸಡಿಲವಾಗುವುದಿಲ್ಲ, ಒಳಗಿನ ನೀರು ಹೊರಬರಲು ತಡ, ಬಣ್ಣ ಕಂದು. ಹೊಸದಾಗಿ ಸೇರಿಸುವ ಪ್ರತಿ ಲೀಟರಿಗೆ 25 ಗ್ರಾಂ ಪುಡಿ, 15 ಮಿ.ಲೀ. ಎಣ್ಣೆ ಹಾಕಿ. 30 ಲೀಟರಿಗೆ 750 ಗ್ರಾಂ, 450 ಮಿ.ಲೀ.

ಪ್ರಶ್ನೆ: ಮಕ್ಕಳು 1/2 + 1/3 = 2/5 ಎಂದು ಬರೆಯುತ್ತಾರೆ. ಹೇಗೆ ತಿದ್ದಲಿ?
— ಶಿಕ್ಷಕಿ, ಇಳಕಲ್ಲ

ಉತ್ತರ: ಮೊದಲು ಕೇಳಿ: ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾದೀತು? ಆಮೇಲೆ ಒಂದು ಜೋಳದ ರೊಟ್ಟಿಯನ್ನು ಆರು ತುಂಡು ಮಾಡಿಸಿ. ಅರ್ಧಕ್ಕೆ ಮೂರು, ಮೂರನೇ ಒಂದಕ್ಕೆ ಎರಡು, ಒಟ್ಟು ಐದು ತುಂಡು: 5/6.

ಆದರೆ 2/5 ಎಂದ ಮಗುವನ್ನು ಗದರಿಸಬೇಡಿ. ಎರಡು ಲೆಕ್ಕದಲ್ಲಿ ಒಂದು ಸರಿ, ಇನ್ನೊಂದು ದಿನ ಮೂರರಲ್ಲಿ ಒಂದು ಸರಿ ಬಂದರೆ, ಐದರಲ್ಲಿ ಎರಡು ಸರಿ ಎಂಬುದು ನಿಜವೇ. ಅಲ್ಲಿ ಎರಡು ಬೇರೆ ಗುಂಪುಗಳನ್ನು ಒಟ್ಟುಗೂಡಿಸಿದ್ದೇವೆ, ಇಲ್ಲಿ ಒಂದೇ ರೊಟ್ಟಿಯ ಪಾಲುಗಳನ್ನು ಕೂಡಿಸುತ್ತಿದ್ದೇವೆ. ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು, ಪ್ರತಿ ಭಿನ್ನರಾಶಿಯ ಮುಂದೆ "ಯಾವುದರಲ್ಲಿ?" ಎಂದು ಮಕ್ಕಳಿಂದಲೇ ತುಂಬಿಸಿ.