ಭದ್ರಬಾಹು ಮುನಿಗಳ ಕಾಲದ ಬರಹ ಏನಾದರೂ ಸಿಕ್ಕಿದೆಯಾ?

ಪ್ರಶ್ನೆ: ನೆಂಟರು ಬಂದಾಗಲೆಲ್ಲ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗುತ್ತೇವೆ. ಈ ಸಲ ಚಿಕ್ಕಬೆಟ್ಟದಲ್ಲಿ ಭದ್ರಬಾಹು ಗುಹೆ ನೋಡಿ ಬಂದ ಅಕ್ಕನ ಮಗ, "ಮಾವ, ಇವರು ಇದ್ದರು ಅನ್ನೋದಕ್ಕೆ ಅವರ ಕಾಲದಲ್ಲೇ ಬರೆದದ್ದು ಏನಿದೆ? ಇಲ್ಲ ಅಂದ್ರೆ ಕಟ್ಟುಕಥೆ ತಾನೇ?" ಅಂದ. ಏನು ಹೇಳಲಿ?
– ಓದುಗರು, ಹಾಸನ

ಉತ್ತರ: ಅವರ ಕಾಲದ್ದು ಒಂದಕ್ಷರವೂ ಸಿಕ್ಕಿಲ್ಲ. ಹಾಗಂತ ಕಟ್ಟುಕಥೆ ಅಂದುಬಿಡೋದು ಆತುರ.

ಕಾಲ ನೋಡಿ. ಸಂಪ್ರದಾಯದ ಪ್ರಕಾರ ಭದ್ರಬಾಹು ಚಂದ್ರಗುಪ್ತ ಮೌರ್ಯನ ಗುರು, ಅಂದರೆ ಕ್ರಿ.ಪೂ. 4ನೇ ಶತಮಾನದ ಕೊನೆಯ ಹೊತ್ತು. ಕರ್ನಾಟಕದಲ್ಲಿ ಸಿಕ್ಕಿರುವ ಅತಿ ಹಳೆಯ ಶಾಸನಗಳು ಮಸ್ಕಿ, ಬ್ರಹ್ಮಗಿರಿ ಮುಂತಾದ ಕಡೆಯ ಅಶೋಕನವು, ಅಶೋಕನೋ ಚಂದ್ರಗುಪ್ತನ ಮೊಮ್ಮಗ. ನಿಮ್ಮದೇ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅಷ್ಟೇಕೆ, ಚಕ್ರವರ್ತಿ ಚಂದ್ರಗುಪ್ತನ ಕಥೆಯೂ ಇದೇ. ಅವನ ಹೆಸರು ಹೇಳುವ ನಮ್ಮ ದೇಶದ ಶಾಸನ ಗುಜರಾತಿನ ಜುನಾಗಢದ್ದು, ಸುಮಾರು ಕ್ರಿ.ಶ. 150. ಅವನು ಹೋಗಿ ನಾನೂರು ವರ್ಷ ದಾಟಿದ ಮೇಲಿನದು. ಅವನ ಆಸ್ಥಾನದಲ್ಲಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಬರೆದ ಪುಸ್ತಕವೂ ಕಳೆದುಹೋಗಿ, ಬೇರೆಯವರು ಎತ್ತಿಕೊಂಡ ತುಣುಕುಗಳು ಮಾತ್ರ ಉಳಿದಿವೆ. ಸಾಮ್ರಾಜ್ಯ ಆಳಿದವನಿಗೇ ಹೀಗಾದರೆ, ಮೈಮೇಲೆ ಬಟ್ಟೆಯನ್ನೂ ಇಟ್ಟುಕೊಳ್ಳದ ಮುನಿ ಹೆಸರು ಕೆತ್ತಿಸಿಟ್ಟು ಹೋಗಬೇಕಿತ್ತು ಅನ್ನೋದು ನ್ಯಾಯ ಅಲ್ಲ, ಅಲ್ವಾ? ಬುದ್ಧ ಹುಟ್ಟಿದ್ದು ಲುಂಬಿನಿಯಲ್ಲಿ ಅಂತ ಹೇಳುವ ಕಂಬವನ್ನು ಅಶೋಕ ನಿಲ್ಲಿಸಿದ್ದೂ ಬುದ್ಧ ಹೋಗಿ ಎಷ್ಟೋ ಕಾಲದ ಮೇಲೆ.

ಹಾಗಾದರೆ ಇರುವುದೇನು? ಚಿಕ್ಕಬೆಟ್ಟದಲ್ಲೇ, ಪಾರ್ಶ್ವನಾಥ ಬಸದಿಯ ಹತ್ತಿರ ಬಂಡೆಯ ಮೇಲೆ ಕೊರೆದ ಒಂದು ಶಾಸನವಿದೆ. ಹಳೆಯ ಕನ್ನಡ ಲಿಪಿ, ಸಂಸ್ಕೃತ ಭಾಷೆ, ಕಾಲ ಸುಮಾರು ಕ್ರಿ.ಶ. 600. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿ ಹನ್ನೆರಡು ವರ್ಷದ ಬರ ಬರುತ್ತದೆ ಅಂತ ಮೊದಲೇ ಹೇಳಿದರು, ಸಂಘವೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು, ಪ್ರಭಾಚಂದ್ರ ಅನ್ನುವ ಆಚಾರ್ಯರು ಒಬ್ಬನೇ ಶಿಷ್ಯನನ್ನು ಉಳಿಸಿಕೊಂಡು ಕಟವಪ್ರದಲ್ಲಿ, ಅಂದರೆ ಇದೇ ಚಿಕ್ಕಬೆಟ್ಟದಲ್ಲಿ, ದೇಹ ಬಿಟ್ಟರು, ಕ್ರಮೇಣ ಏಳುನೂರು ಋಷಿಗಳು ಅದೇ ದಾರಿ ಹಿಡಿದರು ಅಂತ ಅದರಲ್ಲಿದೆ.

ಇಲ್ಲಿ ಸ್ವಲ್ಪ ನಿಧಾನಿಸಿ ಓದಬೇಕು. ಭದ್ರಬಾಹು ಸ್ವತಃ ಈ ಬೆಟ್ಟಕ್ಕೆ ಬಂದರು ಅಂತ ಆ ಶಾಸನ ಹೇಳುವುದಿಲ್ಲ. ಚಂದ್ರಗುಪ್ತನ ಹೆಸರೂ ಇಲ್ಲ. ಪ್ರಭಾಚಂದ್ರ ಅಂದರೆ ದೀಕ್ಷೆ ತೆಗೆದುಕೊಂಡ ಚಂದ್ರಗುಪ್ತನೇ ಅಂತ ಒಂದು ವಾದ. ಶಾಸನ ಗುರುಪರಂಪರೆಯ ದೊಡ್ಡ ಪಟ್ಟಿ ಕೊಟ್ಟ ಮೇಲೆ ಈ ಭದ್ರಬಾಹುವಿನ ಮಾತು ಬರುತ್ತದೆ, ಹಾಗಾಗಿ ಇವರು ಅದೇ ಹೆಸರಿನ, ಎಷ್ಟೋ ಕಾಲ ಈಚಿನ ಇನ್ನೊಬ್ಬರು ಅನ್ನುವ ವಿದ್ವಾಂಸರೂ ಇದ್ದಾರೆ. ಭದ್ರಬಾಹು, ಚಂದ್ರಗುಪ್ತ ಇಬ್ಬರ ಹೆಸರೂ ಜೊತೆಗೆ ಬರುವುದು ಅದೇ ಬೆಟ್ಟದ ಸುಮಾರು 650ರ ಇನ್ನೊಂದು ಶಾಸನದಲ್ಲಿ.

ನನ್ನ ಮಟ್ಟಿಗೆ ಆ ಮುನಿ ಇದ್ದರು. ಸಾವಿರ ಮೈಲಿ ನಡೆದು ಬಂದ ಒಂದು ಸಂಘ, ತಲೆಮಾರಿನಿಂದ ತಲೆಮಾರಿಗೆ ಗುರುಗಳ ಹೆಸರನ್ನು ಸುಮ್ನೆ ಹುಟ್ಟಿಸಿಕೊಂಡು ಬಂತು ಅಂತ ನಂಬೋದು ನನಗೆ ಜಾಸ್ತಿ ಕಷ್ಟ. ಆದರೆ ಇದು ನನ್ನ ನಂಬಿಕೆ, ಸಮಕಾಲೀನ ಸಾಕ್ಷಿ ಅಲ್ಲ. ಸಮಕಾಲೀನ ಸಾಕ್ಷಿ ಹೇಗಿರುತ್ತದೆ ಅಂತ ಹುಡುಗನಿಗೆ ತೋರಿಸಬೇಕಾದರೆ ಎದುರಿನ ದೊಡ್ಡಬೆಟ್ಟ ಹತ್ತಿಸಿ. ಗೊಮ್ಮಟನ ಕಾಲ ಬಳಿ "ಶ್ರೀ ಚಾಮುಂಡರಾಜಂ ಮಾಡಿಸಿದಂ" ಅಂತ ಇದೆ. ಮೂರ್ತಿ ನಿಂತ 10ನೇ ಶತಮಾನದ್ದೇ ಬರಹ, ಮಾಡಿಸಿದವರದ್ದೇ ಹೆಸರು. ಭದ್ರಬಾಹು ವಿಷಯದಲ್ಲಿ ನಮ್ಮ ಹತ್ತಿರ ಇರುವುದು ಒಂಬೈನೂರು ವರ್ಷ ಕಳೆದ ಮೇಲಿನ ನೆನಪು.

ಅವನಿಗೆ ಕಥೆ ಓದುವ ಆಸೆ ಇದ್ದರೆ ವಡ್ಡಾರಾಧನೆಯಲ್ಲಿ ಭದ್ರಬಾಹು ಭಟಾರರ ಕಥೆ ಇದೆ, ಕೊಡಿ. ಆದರೆ ಅದು ಆ ಬಂಡೆ ಶಾಸನಕ್ಕಿಂತ ಎಷ್ಟೋ ಈಚಿನದು, ಸಾಕ್ಷಿಯ ಲೆಕ್ಕಕ್ಕೆ ಸೇರಿಸಬೇಡಿ.