ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಬ್ಯಾಟರಿ ಎಲ್ಲಿ ಹಾಕಿಸಿಕೊಂಡರೆ ಒಳ್ಳೆಯದು? ಕೂರೋಕೆ, ಮಲಗೋಕೆ ತೊಂದರೆ ಆಗುತ್ತಾ?

ಬೆನ್ನುಹುರಿಗೆ ತಂತಿಯ ಮೂಲಕ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಈ ಯಂತ್ರವನ್ನು ಕೆಲವು ದಿನ ಹಾಕಿ ನೋಡುವ ಟ್ರಯಲ್‌ನಲ್ಲಿ ಕಾಲುನೋವು ಅರ್ಧಕ್ಕಿಂತ ಜಾಸ್ತಿ ಇಳಿಯಿತು, ಮುಂದಿನ ತಿಂಗಳು ಪರ್ಮನೆಂಟ್ ಹಾಕುತ್ತಾರೆ ಅಂತ ಬರೆದಿದ್ದೀರಿ. ಬ್ಯಾಟರಿ ಬಗ್ಗೆ ಡಾಕ್ಟರ್ ಹೇಳಿದ್ದು ಒಂದೇ ಮಾತು, "ಸೊಂಟದ ಹಿಂದೆ ಹಾಕುತ್ತೇವೆ" ಅಂತ. ನಿಮ್ಮ ಭಯ ಪೂರ್ತಿ ಆ ಒಂದು ಮಾತಿನ ಸುತ್ತಲೇ ಇದೆ ಅನ್ನಿಸಿತು. ಭಯಪಡುವುದರಲ್ಲಿ ಅರ್ಥ ಇದೆ. ನನ್ನ ಮೈಯಲ್ಲಿ ಒಂದೇ ಬ್ಯಾಟರಿ ಎರಡು ಬೇರೆ ಬೇರೆ ಜಾಗದಲ್ಲಿ ಕೂತಿದೆ. ಮೊದಲನೆಯ ಜಾಗದಲ್ಲಿ 14 ತಿಂಗಳು ಒದ್ದಾಡಿದೆ. ಎರಡನೆಯ ಜಾಗಕ್ಕೆ ಬಂದು ನಾಲ್ಕು ವರ್ಷ ಆಯಿತು, ಈಗ ಅದು ಇದೆ ಅನ್ನೋದೇ ಎಷ್ಟೋ ಹೊತ್ತು ಮರೆತು ಹೋಗಿರುತ್ತದೆ. ಬ್ಯಾಟರಿ ಅದೇ, ತಂತಿಯೂ ಅದೇ. ಬದಲಾಗಿದ್ದು ನಾಲ್ಕು ಬೆರಳಿನಷ್ಟು ಜಾಗ ಮಾತ್ರ.

ಮೊದಲು ನೇರ ಉತ್ತರ. ಕೂರಬಹುದು, ಮಲಗಬಹುದು, ಕೆಲಸಕ್ಕೂ ಹೋಗಬಹುದು. ಆದರೆ ಎಷ್ಟು ಆರಾಮಾಗಿ ಅನ್ನುವುದು ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕುವ ಆ ಐದು ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತದೆ. ಅದಕ್ಕೇ ಹೇಳುತ್ತೇನೆ, ಆಪರೇಷನ್‌ಗೆ ಮುಂಚೆಯೇ ಡಾಕ್ಟರ್ ಹತ್ತಿರ ಹೋಗಿ. ದಿನಾ ಹಾಕುವ ಬಟ್ಟೆಯಲ್ಲೇ ಹೋಗಿ. ನಿಂತು ಒಂದು ಸಲ, ಕುರ್ಚಿಯಲ್ಲಿ ಕೂತು ಒಂದು ಸಲ ಗುರುತು ಹಾಕಿಸಿಕೊಳ್ಳಿ.

ನನಗೆ ಹಾಗೆ ಆಗಲಿಲ್ಲ. ಗುರುತು ಹಾಕಿದ್ದು ಆಪರೇಷನ್ ದಿನ ಬೆಳಿಗ್ಗೆ, ಆಸ್ಪತ್ರೆಯ ಗೌನ್ ಹಾಕಿಕೊಂಡು ನಿಂತಿದ್ದಾಗ. ಗೌನ್‌ಗೆ ಸೊಂಟಪಟ್ಟಿ ಇರುವುದಿಲ್ಲ ಅಲ್ವಾ? ನನ್ನ ಪ್ಯಾಂಟು ಎಲ್ಲಿ ನಿಲ್ಲುತ್ತದೆ, ಬೆಲ್ಟು ಎಲ್ಲಿ ಬರುತ್ತದೆ ಅಂತ ಅವರೂ ಕೇಳಲಿಲ್ಲ, ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬೆನ್ನುಹುರಿಯ ಪಕ್ಕ ಹೋಗುವ ತಂತಿ ಮಾತ್ರ. ಬ್ಯಾಟರಿ ಎಡಗಡೆ, ಸೊಂಟದ ಮೂಳೆಯ ಮೇಲಂಚಿಗೆ ತಾಗಿದ ಹಾಗೆ ಕೂತಿತು.

ಗಾಯ ಚೆನ್ನಾಗಿ ಮಾಗಿತು. ಕಾಲುನೋವು ನಿಜವಾಗಿಯೂ ಕಡಿಮೆ ಆಯಿತು. ಎರಡು ತಿಂಗಳು ಸಡಿಲ ಬಟ್ಟೆಯಲ್ಲೇ ಇದ್ದೆ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಕೆಲಸಕ್ಕೆ ಹೊರಟ ಮೊದಲ ದಿನ ಪ್ಯಾಂಟು ಹಾಕಿ ಬೆಲ್ಟು ಬಿಗಿದೆ. ಬೆಲ್ಟು ಸರಿಯಾಗಿ ಬ್ಯಾಟರಿಯ ನಡುವೆಯೇ ಬಂತು. ಕೂತರೆ ಪ್ಯಾಂಟಿನ ಹಿಂಪಟ್ಟಿ ಮೇಲೇರಿ ಅದರ ಕೆಳಗಿನ ಅಂಚನ್ನು ಒತ್ತುತ್ತಿತ್ತು, ಕುರ್ಚಿಯ ಬೆನ್ನು ಮೇಲಿನಿಂದ ಒತ್ತುತ್ತಿತ್ತು. ಒಳಗೆ ಮೂಳೆ, ಹೊರಗೆ ಬೆಲ್ಟು, ನಡುವೆ ಒಂದು ಗಟ್ಟಿ ಬಿಲ್ಲೆ. ಸಂಜೆ ಮನೆಗೆ ಬಂದು ನೋಡಿದರೆ ಅದರ ಆಕಾರದಲ್ಲೇ ಚರ್ಮ ಕೆಂಪಾಗಿರುತ್ತಿತ್ತು. ರಾತ್ರಿ ಎಡಕ್ಕೆ ಹೊರಳಿದ ಕೂಡಲೇ ಎಚ್ಚರ. ಕಾಲುನೋವಿಗೆ ಅಂತ ಹಾಕಿಸಿಕೊಂಡ ಯಂತ್ರದಿಂದಲೇ ಇನ್ನೊಂದು ನೋವು ಬಂತಲ್ಲ ಅಂತ ಆ ದಿನಗಳಲ್ಲಿ ಬಹಳ ಕುಗ್ಗಿಹೋಗಿದ್ದೆ. ಮನೆಯವರ ಹತ್ತಿರವೂ ಸರಿಯಾಗಿ ಹೇಳಿಕೊಳ್ಳಲಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡ ಮೇಲೂ ನೋವು ಅಂದರೆ ಏನು ಅಂದುಕೊಳ್ಳುತ್ತಾರೋ ಅನ್ನುವ ಅಳುಕು. ನೀವು ಹಾಗೆ ಮಾಡಬೇಡಿ. ಬ್ಯಾಟರಿ ಕೂತ ಜಾಗದಲ್ಲಿ ನೋವು ಬರುವುದು ಡಾಕ್ಟರುಗಳಿಗೆ ಗೊತ್ತಿರುವ ತೊಂದರೆಯೇ. ಬ್ಯಾಟರಿ ಕೂರಿಸಲು ಚರ್ಮದ ಕೆಳಗೆ ಮಾಡುವ ಚೀಲದಂಥ ಜಾಗಕ್ಕೆ ಪಾಕೆಟ್ ಅನ್ನುತ್ತಾರೆ, ಪಾಕೆಟ್ ನೋವು ಅಂತಲೇ ಈ ನೋವಿಗೆ ಹೆಸರಿದೆ.

ಜಾಗ ಆರಿಸುವುದಕ್ಕೆ ಅವಕಾಶ ಯಾಕೆ ಇದೆ ಅಂತ ಸ್ವಲ್ಪ ಹೇಳುತ್ತೇನೆ. ತಂತಿಯ ತುದಿ ಇರಬೇಕಾದ ಜಾಗ ಗಟ್ಟಿ, ಅದು ಬೆನ್ನುಹುರಿಯ ಹೊದಿಕೆಯ ಹೊರಗೆ, ನಿಮ್ಮ ನೋವಿಗೆ ಸರಿಹೊಂದುವ ಮಟ್ಟದಲ್ಲೇ ಇರಬೇಕು. ಬ್ಯಾಟರಿಗೆ ಆ ಕಟ್ಟುಪಾಡು ಇಲ್ಲ. ತಂತಿಯನ್ನು ಚರ್ಮದ ಕೆಳಗೆ ಎಳೆದು ತಂದು ಅದಕ್ಕೆ ಜೋಡಿಸುತ್ತಾರೆ ಅಷ್ಟೇ. ಸೊಂಟ, ಕಾಲಿನ ನೋವಿಗೆ ಹಾಕುವಾಗ ಹೆಚ್ಚಾಗಿ ಪೃಷ್ಠದ ಮೇಲ್ಭಾಗದಲ್ಲಿ ಇಡುತ್ತಾರೆ. ಆಪರೇಷನ್‌ನಲ್ಲಿ ನಮ್ಮನ್ನು ಬೋರಲು ಮಲಗಿಸಿರುತ್ತಾರೆ, ಹಾಗಾಗಿ ತಿರುಗಿಸದೆ ಅಲ್ಲೇ ಕೆಲಸ ಮುಗಿಯುತ್ತದೆ. ಕೆಲವರಿಗೆ ಹೊಟ್ಟೆಯ ಪಕ್ಕದಲ್ಲಿ ಇಡುತ್ತಾರೆ. ಅಲ್ಲಿ ಕಣ್ಣಿಗೆ ಕಾಣುತ್ತದೆ, ಚರ್ಮದ ಮೇಲಿಟ್ಟು ಬ್ಯಾಟರಿ ತುಂಬಿಸುವ ಚಾರ್ಜರ್ ಇಡುವುದು ಸುಲಭ, ಕುರ್ಚಿ ತಾಗುವುದಿಲ್ಲ. ಆದರೆ ತಂತಿ ಪಕ್ಕೆಯನ್ನು ಸುತ್ತಿ ಮುಂದಕ್ಕೆ ಬರಬೇಕು, ದಾರಿ ಉದ್ದ, ಬಗ್ಗಿದಾಗ ತಿರುಗಿದಾಗ ಎಳೆತ ಬೀಳುತ್ತದೆ. ಕುತ್ತಿಗೆ, ಕೈ ನೋವಿಗೆ ಹಾಕುವವರಲ್ಲಿ ಕೆಲವರಿಗೆ ಎದೆಯ ಮೇಲ್ಭಾಗದಲ್ಲಿ, ಕಾಲರ್ ಮೂಳೆಯ ಕೆಳಗೆ ಇಡುವುದೂ ಉಂಟು.

ನಿಮಗೆ ಹಿಂದೆಯೇ ಹಾಕುವುದಾದರೆ ನೆನಪಿಡಬೇಕಾದದ್ದು ಮೂಳೆ. ಮೇಲೆ ಕೊನೆಯ ಪಕ್ಕೆಲುಬು, ನಡುವೆ ಸೊಂಟದ ಮೂಳೆಯ ಅಂಚು, ಕೆಳಗೆ ಕೂತಾಗ ಭಾರ ಬೀಳುವ ಮೂಳೆ. ಇವು ಮೂರಕ್ಕೂ ತಾಗದ ಹಾಗೆ, ಬೆಲ್ಟಿನ ಗೆರೆಗೂ ಸಿಗದ ಹಾಗೆ, ಮಾಂಸ ಇರುವ ಜಾಗ ಬೇಕು. ಸೊಂಟದ ಮೇಲೆ ಕೈ ಇಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿ ನೋಡಿ, ಮೂಳೆಯ ಅಂಚು ಗಟ್ಟಿಯಾಗಿ ಸಿಗುತ್ತದೆ. ಅದರಿಂದ ಕೆಳಗೆ ಬಂದರೆ ಮೆತ್ತಗಿನ ಜಾಗ. ಈಗ ನನ್ನ ಬ್ಯಾಟರಿ ಇರುವುದು ಅಲ್ಲೇ. ತೆಳ್ಳಗಿರುವವರಿಗೆ ಆ ಜಾಗ ಕಿರಿದು, ಅಂಥವರು ಇನ್ನೂ ಹುಷಾರಾಗಿ ಗುರುತು ಹಾಕಿಸಿಕೊಳ್ಳಬೇಕು.

ಎಡವೋ ಬಲವೋ ಅನ್ನುವುದು ಸಣ್ಣ ವಿಷಯ ಅಲ್ಲ. ನೀವು ಯಾವ ಮಗ್ಗುಲಲ್ಲಿ ಮಲಗುತ್ತೀರಿ? ಪರ್ಸು ಯಾವ ಹಿಂಜೇಬಿನಲ್ಲಿ ಇಡುತ್ತೀರಿ? ಯಾವ ಕೈ ಸಲೀಸಾಗಿ ಬೆನ್ನ ಹಿಂದೆ ಹೋಗುತ್ತದೆ? ಚಾರ್ಜರ್ ಬಿಲ್ಲೆಯನ್ನು ಆ ಕೈಯಲ್ಲೇ ಇಡಬೇಕಾಗುತ್ತದೆ. ಭುಜದ ನೋವು ಇರುವವರು ಇದನ್ನು ಮೊದಲೇ ಹೇಳಬೇಕು. ಜಾಗ ಬದಲಿಸುವ ಎರಡನೇ ಆಪರೇಷನ್‌ಗೆ ಮುಂಚೆ ನಾನು ಒಂದು ಕೆಲಸ ಮಾಡಿದೆ. ಒಂದು ಬೆಂಕಿಪೊಟ್ಟಣವನ್ನು, ಡಾಕ್ಟರ್ ತೋರಿಸಿದ ಜಾಗದಲ್ಲಿ, ಗಾಯದ ಟೇಪಿನಿಂದ ಚರ್ಮಕ್ಕೆ ಅಂಟಿಸಿಕೊಂಡೆ. ಎರಡು ದಿನ ಹಾಗೇ ಓಡಾಡಿದೆ. ಆಫೀಸಿನ ಕುರ್ಚಿ, ಕಾರಿನ ಸೀಟು, ಹಾಸಿಗೆ ಎಲ್ಲದರಲ್ಲೂ ಕೂತು ಮಲಗಿ ನೋಡಿದೆ. ಕಾರಿನಲ್ಲಿ ಸೀಟ್ ಬೆಲ್ಟಿನ ಕೊಂಡಿ ಅದಕ್ಕೆ ತಾಗುತ್ತಿತ್ತು, ಅದನ್ನು ಹೇಳಿದಾಗ ಡಾಕ್ಟರ್ ಗುರುತನ್ನು ಬೆನ್ನಿನ ನಡುವಿನ ಕಡೆಗೆ ಒಂದು ಬೆರಳು ಸರಿಸಿದರು. ಒಳಗೆ ಕೂತ ಬ್ಯಾಟರಿ ಹೀಗೇ ಅನ್ನಿಸುವುದಿಲ್ಲ, ನಿಜ. ಆದರೆ ಯಾವ ವಸ್ತು ಎಲ್ಲಿ ತಾಗುತ್ತದೆ ಅಂತ ಇದರಿಂದ ಪಕ್ಕಾ ಗೊತ್ತಾಗುತ್ತದೆ. ನೀವೂ ಮಾಡಿ ನೋಡಿ.

ಇನ್ನು ಆಳ. ಚಾರ್ಜ್ ಮಾಡುವಂಥದ್ದಾದರೆ ಬ್ಯಾಟರಿ ಚರ್ಮಕ್ಕೆ ಹತ್ತಿರವೇ ಇರಬೇಕು. ಹೆಚ್ಚಾಗಿ 2 ಸೆಂಟಿಮೀಟರ್ ಒಳಗೇ ಇಡುತ್ತಾರೆ, ಮಾದರಿಗೆ ತಕ್ಕಂತೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಹೊರಗಿನ ಚಾರ್ಜರ್‌ನಿಂದ ಚರ್ಮದ ಮೂಲಕವೇ ಕರೆಂಟು ಒಳಗೆ ಹೋಗಬೇಕಲ್ಲ, ಅದಕ್ಕೆ. ಜಾಸ್ತಿ ಆಳ ಆದರೆ ಚಾರ್ಜ್ ಹಿಡಿಯುವುದಿಲ್ಲ. ತೀರಾ ಮೇಲೆ ಇದ್ದರೆ ಅಂಚು ಚರ್ಮವನ್ನು ಒಳಗಿನಿಂದ ಒತ್ತಿ ತೆಳುವಾಗಿಸುತ್ತದೆ. ಮೈತೂಕ ಬಹಳ ಇಳಿದರೂ ಏರಿದರೂ ಇದೇ ತೊಂದರೆ. ಚಾರ್ಜ್ ಬೇಡದ ಮಾದರಿಯನ್ನು ಇನ್ನೂ ಸ್ವಲ್ಪ ಆಳಕ್ಕೆ ಇಡಬಹುದು, ಆದರೆ ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಲು ಅದೇ ಜಾಗವನ್ನು ಮತ್ತೆ ತೆರೆಯಬೇಕು. ನಿಮಗೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಜಾಗದ ಲೆಕ್ಕ ಅದರ ಮೇಲೆ ಬದಲಾಗುತ್ತದೆ.

ಮೊದಲ 6ರಿಂದ 8 ವಾರ ಮಾತ್ರ ತಾಳ್ಮೆ ಬೇಕು. ಬಗ್ಗುವುದು, ಸೊಂಟ ತಿರುಚುವುದು, ಭಾರ ಎತ್ತುವುದು, ಕೈಯನ್ನು ತಲೆಯ ಮೇಲೆ ಚಾಚುವುದು ಬೇಡ ಅನ್ನುತ್ತಾರೆ. ಅದು ಸುಮ್ನೆ ಹೇಳುವ ಮಾತಲ್ಲ. ತಂತಿಯ ಸುತ್ತ ಗಾಯದ ಗಟ್ಟಿ ಪದರ ಬೆಳೆದು ಅದನ್ನು ಹಿಡಿದಿಡುವವರೆಗೆ ತಂತಿ ಜಾರಬಹುದು, ಜಾರಿದರೆ ಟ್ರಯಲ್‌ನಲ್ಲಿ ಸಿಕ್ಕ ಸುಖ ಕೈತಪ್ಪುತ್ತದೆ. ಆ ದಿನಗಳಲ್ಲಿ ನಾನು ಬ್ಯಾಟರಿ ಇಲ್ಲದ ಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳುತ್ತಿದ್ದೆ. ಏಳುವಾಗ ಭುಜ, ಸೊಂಟ ಒಟ್ಟಿಗೇ ಹೊರಳಿಸಿ, ಕಾಲು ಕೆಳಗಿಳಿಸಿ, ಕೈಯಿಂದ ಒತ್ತಿ ಏಳುವುದು. ಬ್ಯಾಟರಿಯ ಸುತ್ತ ಊತ, ಬಿಗಿತ ಕೆಲವು ವಾರ ಇರುತ್ತದೆ. ಹಾಗಾಗಿ ಮೂರನೇ ವಾರಕ್ಕೇ ಜಾಗ ತಪ್ಪಾಯಿತು ಅಂತ ಎದೆಗುಂದಬೇಡಿ. ಆಮೇಲೂ ಒಂದು ಅಭ್ಯಾಸ ಬೇಡ. ಕೈ ಸುಮ್ಮನಿರದೆ ಅದನ್ನು ಒತ್ತುವುದು, ಅಲ್ಲಾಡಿಸುವುದು. ಪಾಕೆಟ್ ಸಡಿಲವಿದ್ದರೆ ಬ್ಯಾಟರಿ ಮಗುಚಿಕೊಳ್ಳಬಹುದು, ಮಗುಚಿದರೆ ಚಾರ್ಜ್ ಆಗುವುದು ಕಷ್ಟ.

ಚಾರ್ಜಿಂಗ್ ನನಗೆ ವಾರಕ್ಕೆ ಎರಡು ಸಂಜೆ, ಮುಕ್ಕಾಲು ಗಂಟೆಯಷ್ಟು. ಮಾದರಿ, ಸೆಟ್ಟಿಂಗ್ ನೋಡಿ ಇದು ಬದಲಾಗುತ್ತದೆ. ಸೆಕೆಂಡಿಗೆ 10,000 ಸಲ ಮಿಡಿಯುವ ಮಾದರಿಗೆ ಹೆಚ್ಚಾಗಿ ದಿನಾ ಚಾರ್ಜ್ ಬೇಕು, ಆದರೆ ಬೇರೆ ಕೆಲವು ಮಾದರಿಗಳಲ್ಲಿ ಕರೆಂಟು ಹರಿದಾಗ ನೋವಿನ ಜಾಗದಲ್ಲಿ ಆಗುವ ಜುಮ್ ಅನ್ನುವ ಅನುಭವ ಅದರಲ್ಲಿ ಇರುವುದೇ ಇಲ್ಲ. ತೆಳ್ಳನೆ ಬನಿಯನ್ ಮೇಲೆ ಪಟ್ಟಿ ಕಟ್ಟಿ, ಬಿಲ್ಲೆಯನ್ನು ಬೆರಳಿನಿಂದ ಒಂದೊಂದೇ ಗೆರೆ ಸರಿಸುತ್ತೇನೆ. ಸರಿಯಾದ ಜಾಗ ಸಿಕ್ಕರೆ ಬೀಪ್ ನಿಲ್ಲುತ್ತದೆ. ಹಳೆಯ ಜಾಗದಲ್ಲಿ ಕುರ್ಚಿಗೆ ಒರಗಿದರೆ ಬಿಲ್ಲೆ ಜಾರುತ್ತಿತ್ತು, ಒರಗದೆ ನೆಟ್ಟಗೆ ಕೂತರೆ ಬೆನ್ನು ಸೋಲುತ್ತಿತ್ತು. ಹೊಸ ಜಾಗದಲ್ಲಿ ಕುರ್ಚಿಯ ಬೆನ್ನು ಮತ್ತು ಸೀಟಿನ ನಡುವಿನ ಸಂದಿಗೆ ಬಿಲ್ಲೆ ಬರುತ್ತದೆ, ಒರಗಿ ಕೂತೇ ಪುಸ್ತಕ ಓದುತ್ತೇನೆ. ಬಿಲ್ಲೆ ಬಿಸಿಯಾಗುತ್ತದೆ, ಅದಕ್ಕೇ ಚಾರ್ಜ್ ಹಾಕಿಕೊಂಡು ನಿದ್ದೆ ಮಾಡಬಾರದು.

ಮಲಗುವ ಬಗ್ಗೆ ಇನ್ನೊಂದು ಮಾತು. ಜುಮ್ ಅನ್ನುವ ಸೆಟ್ಟಿಂಗ್ ಆದರೆ, ಅಂಗಾತ ಮಲಗಿದಾಗ ಅದು ಇದ್ದಕ್ಕಿದ್ದಂತೆ ಜೋರಾಗಬಹುದು. ಬೆನ್ನುಹುರಿ ಹಿಂದಕ್ಕೆ ಸರಿದು ತಂತಿಗೆ ಹತ್ತಿರ ಬರುತ್ತದೆ, ಅದಕ್ಕೆ ಹಾಗೆ. ಬ್ಯಾಟರಿ ಕೆಟ್ಟಿತು ಅಂತ ನಾನು ಮೊದಲ ಸಲ ಗಾಬರಿಯಾಗಿದ್ದೆ. ರಿಮೋಟ್ ದಿಂಬಿನ ಪಕ್ಕ ಇರಲಿ, ಮಲಗುವ ಮುಂಚೆ ಒಂದೆರಡು ಹಂತ ಇಳಿಸಿ. ಮಲಗುವುದಕ್ಕೇ ಬೇರೆ ಪ್ರೋಗ್ರಾಂ ಹಾಕಿಕೊಡಿ ಅಂತಲೂ ಕೇಳಬಹುದು. ಜುಮ್ ಅನ್ನುವ ಸೆಟ್ಟಿಂಗ್ ಇದ್ದರೆ ಗಾಡಿ ಓಡಿಸುವಾಗ ಆಫ್ ಮಾಡಬೇಕು.

ಜಾಗದಲ್ಲಿ ನೋವು ಬಂದರೆ ಒಂದು ಪರೀಕ್ಷೆ ನೀವೇ ಮಾಡಿಕೊಳ್ಳಬಹುದು. ಸ್ಟಿಮ್ಯುಲೇಶನ್ ಆಫ್ ಮಾಡಿ ನೋಡಿ. ಆಫ್ ಇದ್ದಾಗಲೂ ಒತ್ತಿದ ಕಡೆ ನೋವಿದ್ದರೆ ಅದು ಬಹುಶಃ ಜಾಗದ ತೊಂದರೆ, ಪ್ರೋಗ್ರಾಂ ಬದಲಿಸಿದರೆ ಹೋಗುವುದಿಲ್ಲ. ಆನ್ ಇದ್ದಾಗ ಮಾತ್ರ ಬ್ಯಾಟರಿಯ ಹತ್ತಿರ ಚುರುಗುಟ್ಟಿದರೆ ತಂತಿಯಲ್ಲಿ ಅಥವಾ ಜೋಡಣೆಯಲ್ಲಿ ದೋಷ ಇರಬಹುದು, ತಪಾಸಣೆ ಮಾಡಿಸಿ. ಗಾಯ ಕೆಂಪಾಗಿ ಬಿಸಿಯಾದರೆ, ನೀರು ಅಥವಾ ಕೀವು ಸೋರಿದರೆ, ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಕಾಲಿನ ಬಲ ಹೊಸದಾಗಿ ಕುಗ್ಗಿದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ನನ್ನದು ಆಫ್ ಇದ್ದಾಗಲೂ ನೋಯುತ್ತಿತ್ತು. ಬೆಲ್ಟು ಬಿಟ್ಟೆ, ಮೆತ್ತೆ ಇಟ್ಟೆ, ಕುರ್ಚಿ ಬದಲಿಸಿದೆ. ಕೊನೆಗೆ ಜಾಗ ಬದಲಿಸುವುದೇ ಸರಿ ಅಂತ ತೀರ್ಮಾನ ಆಯಿತು. ಬೆನ್ನುಹುರಿಯ ಹತ್ತಿರದ ತಂತಿ ಮುಟ್ಟಲಿಲ್ಲ, ಬ್ಯಾಟರಿಯನ್ನಷ್ಟೇ ಬಿಡಿಸಿ ಕೆಳಗೆ ಹೊಸ ಪಾಕೆಟ್ ಮಾಡಿ ಕೂರಿಸಿದರು. ಚಿಕ್ಕದಾದರೂ ಆಪರೇಷನ್ ಆಪರೇಷನ್ನೇ. ಮತ್ತೆ ಹೊಲಿಗೆ, ಮತ್ತೆ ಸೋಂಕಿನ ಭಯ, ಮತ್ತೆ ವಾರಗಟ್ಟಲೆ ಜೋಪಾನ. ಇದು ನಿಮಗೆ ಬರಬಾರದು ಅಂತಲೇ ಇಷ್ಟು ಬರೆಯುತ್ತಿರುವುದು.

ಆ ಸಲ ಗುರುತು ಹಾಕಿದ ರೀತಿ ಹೇಳುತ್ತೇನೆ, ನಿಮ್ಮ ಡಾಕ್ಟರಿಗೆ ಹೀಗೇ ಕೇಳಿ. ನಾನು ದಿನಾ ಹಾಕುವ ಪ್ಯಾಂಟಿನಲ್ಲೇ ಹೋಗಿದ್ದೆ. ಮೊದಲು ನಿಲ್ಲಿಸಿ ಬೆಲ್ಟಿನ ಮೇಲಂಚು, ಕೆಳಂಚು ಎರಡಕ್ಕೂ ಗೆರೆ ಎಳೆದರು. ಆಮೇಲೆ ಕುರ್ಚಿಯಲ್ಲಿ ಕೂರಿಸಿ, ಒರಗಿಸಿ, ಕುರ್ಚಿಯ ಬೆನ್ನು ತಾಗುವ ಕಡೆ ಇನ್ನೊಂದು ಗೆರೆ. ಮುಂದಕ್ಕೆ ಬಗ್ಗಿಸಿ ಮತ್ತೆ ನೋಡಿದರು. ಎಲ್ಲ ಗೆರೆಗಳೂ ಬಿಟ್ಟ ಜಾಗದಲ್ಲಿ ಒಂದು ಸುತ್ತು ಬರೆದು, ಕನ್ನಡಿಯಲ್ಲಿ ತೋರಿಸಿ, "ಇಲ್ಲಿ ಆಗಬಹುದಾ?" ಅಂತ ಕೇಳಿದರು. ಮೊದಲ ಸಲ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ತೋರಿಸಲು ಕೊಡುವ ಕಾರ್ಡು ಸದಾ ಜೊತೆಗಿರಲಿ. ಮುಂದೆ ಎಂಆರ್‌ಐ ಬೇಕಾದರೆ ನಿಮ್ಮ ಮಾದರಿಗೆ ಯಾವ ಷರತ್ತು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೆಲವು ಮಾದರಿಗಳಲ್ಲಿ ಬ್ಯಾಟರಿ ಎಲ್ಲಿದೆ ಅನ್ನುವುದೂ ಆ ಷರತ್ತಿನಲ್ಲಿ ಬರುತ್ತದೆ. ಫಿಸಿಯೋಥೆರಪಿಗೆ ಹೋದರೆ ಡಯಾಥರ್ಮಿ ಶಾಖ (ಯಂತ್ರದ ತರಂಗಗಳಿಂದ ಒಳಮೈಗೆ ಕೊಡುವ ಶಾಖ) ಕೊಡಲೇಬಾರದು ಅಂತ ಮೊದಲೇ ಹೇಳಿಬಿಡಿ.

ಗುರುತು ಹಾಕಿಸಿಕೊಂಡು ಬಂದ ಮೇಲೆ ಯಾವ ಕಡೆ, ಎಷ್ಟು ಕೆಳಗೆ ಅಂತ ಬರೆಯಿರಿ. ಕೂತಾಗ ಏನಾದರೂ ತಾಗುತ್ತದೆ ಅನ್ನಿಸಿದರೆ ಅದನ್ನೂ ಬರೆಯಿರಿ. ಆಪರೇಷನ್‌ಗೆ ಇನ್ನೂ ಒಂದು ತಿಂಗಳಿದೆ, ಗುರುತು ಸರಿಸಲು ಸಮಯ ಇದೆ.